ದ್ವಾದಶಿಯ ಬೆಳಿಗ್ಗೆ ಬಾತೂರ್ ಬೆಟ್ಟ

ಇಚಿಲಂಪಾಡಿಯ ಪರಮೇಶ್ವರಿ ಬಾಲಿ ದ್ವೀಪವನ್ನು ನೋಡಿದವಳಲ್ಲ. ಆದರೆ ಅಲ್ಲಿಯ ಯಾವ ದೇವಸ್ಥಾನಕ್ಕೆ ಎಷ್ಟು ಮೆಟ್ಟಿಲು, ಎಲ್ಲಿಯ ಮಂಗಗಳು ಕನ್ನಡಕ ಕಸಿಯುತ್ತವೆ, ಸಮುದ್ರದೊಳಗಿನ ಬಂಡೆಯ ಗುಡಿಗೆ ನಡೆದು ಹೋಗುವಷ್ಟು ನೀರು ಇಳಿಯುವುದು ಯಾವ ಹೊತ್ತಿಗೆ, ಯಾವ ಜಲಪಾತದ ಹತ್ತಿರ ಹೆಂಗಸರು ಹೋಗಬಹುದಾದ ಶೌಚಾಲಯವಿದೆ, ಇದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಎರಡು ತಿಂಗಳಿಂದ ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡ ಮೇಲೆ ಅವಳು ನೆಟ್‌ವರ್ಕ್ ಸಿಗುವ ಅಂಗಳದ ಮೂಲೆಯಲ್ಲಿ ಮಣೆ ಹಾಕಿ ಕೂರುತ್ತಿದ್ದಳು. ಮಗಳ ಹಳೆಯ ಗ್ರಾಫ್ ಹಾಳೆಗಳನ್ನು ಅಂಟಿಸಿ, ಆರು ದಿನಗಳಿಗೆ ಆರು ಪಟ್ಟಿ ಎಳೆದು, ಒಂದೊಂದು ಚೌಕಕ್ಕೆ ಅರ್ಧರ್ಧ ಗಂಟೆ ತುಂಬಿಸುತ್ತಿದ್ದಳು.

ಈ ಪ್ರವಾಸ ಹುಟ್ಟಿದ್ದು ಮೈದುನ ವಿಷ್ಣುಪ್ರಸಾದನ ತಲೆಯಲ್ಲಿ. ಪುತ್ತೂರಿನಲ್ಲಿ ಪೈಪು, ಪಂಪು ಮಾರುವ ಅಂಗಡಿ ಅವನದು. ಹೋದ ವರ್ಷ ಕಂಪನಿಯವರು ಡೀಲರುಗಳನ್ನೆಲ್ಲ ಬಾಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಬಂದವನಿಗೆ ಅಮ್ಮನನ್ನು ಒಮ್ಮೆ ವಿಮಾನ ಹತ್ತಿಸಬೇಕೆಂದು ಹಟವೇ ಹಿಡಿಯಿತು. ಅಮ್ಮನಿಗೆ ಎಪ್ಪತ್ತೈದು ತುಂಬಿತು, ಇನ್ನು ಯಾವಾಗ ಎಂದ. ಅಮ್ಮ, ಅಣ್ಣ ರಾಧಾಕೃಷ್ಣ, ಅತ್ತಿಗೆ ಪರಮೇಶ್ವರಿ, ಅವರ ಮಗಳು ತನ್ಮಯೀ, ತಾನು, ತನ್ನ ಹೆಂಡತಿ ಗಾನಶ್ರೀ, ಹೀಗೆ ಆರು ಜನರಿಗೆ ಟಿಕೇಟು ಮಾಡಿಸಿಯೇ ಮನೆಗೆ ಬಂದ.

"ಅಮ್ಮನಿಗೆ ಹೊರಗಿನ ಅನ್ನ ಆಗುದಿಲ್ಲ ಅಂತ ಅಡಿಗೆಮನೆ ಇರುವ ವಿಲ್ಲಾವನ್ನೇ ಹಿಡಿದದ್ದು ಅತ್ತಿಗೆ. ಗ್ಯಾಸ್, ಮಿಕ್ಸಿ ಎಲ್ಲ ಉಂಟು. ನಿಮಗೆ ಎಂತ ತೊಂದರೆ ಇಲ್ಲ," ಎಂದು ಅವನು ಸಂತೋಷದ ಸುದ್ದಿ ಹೇಳುವವನ ಹಾಗೆ ಹೇಳಿದ್ದ.

ಯೋಜನೆ ಹಾಕುವ ಕೆಲಸ ಪರಮೇಶ್ವರಿಯ ಪಾಲಿಗೆ ಬಂತು. ಅತ್ತಿಗೆಗೆ ಭೂಗೋಳ ಗೊತ್ತು, ಮನೆಯಲ್ಲಿ ಸಮಯವೂ ಇದೆ ಎಂದು ವಿಷ್ಣುಪ್ರಸಾದನೇ ತೀರ್ಮಾನಿಸಿದ. ಗಾನಶ್ರೀಗೆ ಕಣಿವೆಯ ಮೇಲೆ ಹಾರುವ ಉಯ್ಯಾಲೆಯಲ್ಲಿ ಉದ್ದ ಲಂಗ ಹಾಕಿ ಫೋಟೋ ತೆಗೆಸಿಕೊಳ್ಳಬೇಕು. ತನ್ಮಯೀಗೆ ನೀರಿನೊಳಗೆ ಮುಳುಗಿ ಮೀನು ನೋಡಬೇಕು. ಬಾಲಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ ಎಂದಾಗ ರಾಧಾಕೃಷ್ಣ ನಕ್ಕುಬಿಟ್ಟ. "ನಮ್ಮ ಗದ್ದೆಗೆ ಮಣ್ಣು ಹಾಕಿ ಅಡಿಕೆ ನೆಟ್ಟದ್ದು ತಪ್ಪಾಯ್ತು ಮಾರಾಯ್ತಿ. ಹಾಗೇ ಬಿಟ್ಟಿದ್ರೆ ಗೇಟು ಹಾಕಿ ಟಿಕೇಟು ಹರಿಬಹುದಿತ್ತು," ಎಂದ. ಅತ್ತೆಗೆ ಮಾತ್ರ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಸಾಕಾಗಿತ್ತು.

ಇಷ್ಟೆಲ್ಲವನ್ನು ಹಾಳೆಗೆ ಹೊಂದಿಸುವುದರ ಜೊತೆಗೆ ಇನ್ನೊಂದು ಪಟ್ಟಿಯೂ ಬೆಳೆಯುತ್ತಿತ್ತು: ಆರು ದಿನಕ್ಕೆ ಎಷ್ಟು ಕುಚ್ಚಿಲಕ್ಕಿ, ಸಾರಿನ ಹುಡಿ, ಹಪ್ಪಳ, ಮೂರು ಲೀಟರಿನ ಕುಕ್ಕರ್ ಯಾರ ಪೆಟ್ಟಿಗೆಯಲ್ಲಿ, ಅದರ ಗ್ಯಾಸ್ಕೆಟ್ ಯಾವ ಚೀಲದಲ್ಲಿ. ಆ ಪಟ್ಟಿಯನ್ನು ಯಾರೂ ನೋಡಲು ಕೇಳಲಿಲ್ಲ.

ಪರಮೇಶ್ವರಿ ತನಗಾಗಿ ಹಾಳೆಯಲ್ಲಿ ಬರೆದುಕೊಂಡದ್ದು ಒಂದೇ ಒಂದು ಚೌಕ. ಐದನೇ ದಿನ ಬೆಳಿಗ್ಗೆ, ಬಾತೂರ್ ಬೆಟ್ಟ.

ಅದಕ್ಕೆ ಕಾರಣವಿತ್ತು. ಅವಳು ಹುಟ್ಟಿದ್ದು ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿ. ಬಿ.ಎಡ್. ಮುಗಿಸಿ ಕಡಬದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೂರು ವರ್ಷ ಭೂಗೋಳ ಕಲಿಸಿದ್ದಳು. ಮದುವೆಯಾದ ಮೊದಲ ವರ್ಷವೂ ಬಸ್ಸು ಹಿಡಿದು ಶಾಲೆಗೆ ಹೋಗುತ್ತಿದ್ದಳು. ಮಾವನಿಗೆ ಪಾರ್ಶ್ವವಾಯು ಬಡಿದಾಗ, ಸ್ವಲ್ಪ ದಿನ ರಜೆ ಹಾಕು ಎಂದರು. ಮಾವ ಮಲಗಿದಲ್ಲೇ ಒಂಬತ್ತು ವರ್ಷ ಬದುಕಿದರು. ಶಾಲೆಯವರು ಮೂರನೆಯ ತಿಂಗಳಿಗೇ ಬೇರೆಯವರನ್ನು ಹಾಕಿಕೊಂಡಿದ್ದರು. ಜ್ವಾಲಾಮುಖಿಯ ಪಾಠವನ್ನು ಅವಳು ಮಕ್ಕಳಿಗೆ ಎಷ್ಟು ಸಲ ಮಾಡಿದ್ದಳೋ. ತಾನು ಕಂಡದ್ದು ಪುಸ್ತಕದ ಚಿತ್ರ ಮಾತ್ರ. ಬಾತೂರಿನಲ್ಲಿ ಹಳೆಯ ಜ್ವಾಲಾಮುಖಿಯೊಂದು ಕುಸಿದು ಬಾಣಲೆಯ ಹಾಗೆ ಬಾಯಿ ತೆರೆದುಕೊಂಡಿದೆ; ಅದರ ಹೊಟ್ಟೆಯಲ್ಲಿ ಮತ್ತೊಂದು ಬೆಟ್ಟ ಎದ್ದಿದೆ; ಪಕ್ಕದಲ್ಲಿ ಸರೋವರ. ಬೆಳಗಿನ ಜಾವ ಮೂರೂವರೆಗೆ ಜೀಪಿನಲ್ಲಿ ಹೊರಟರೆ ಅಲ್ಲಿ ಸೂರ್ಯೋದಯ ನೋಡಿ, ಹರಿದು ಕಲ್ಲಾದ ಕರಿಯ ಲಾವಾದ ಮೇಲೆ ನಡೆದಾಡಿ, ಒಂಬತ್ತಕ್ಕೆ ವಿಲ್ಲಾಕ್ಕೆ ಮರಳಬಹುದು. ಒಂದು ಜೀಪಿಗೆ ನಾಲ್ಕು ಜನ.

ಒಂದು ತಿಂಗಳ ಹಿಂದೆ ಇದನ್ನು ಹೇಳಿದಾಗ ರಾಧಾಕೃಷ್ಣ ಆಕಳಿಸಿದ್ದ. ಕಲ್ಲು, ಬೂದಿ ನೋಡಲು ಮೂರು ಗಂಟೆಗೆ ಏಳುವವನು ತಾನಲ್ಲ, ತಾನು ಅಮ್ಮನ ಜೊತೆ ಇರುತ್ತೇನೆ, ನೀನು ಬೇಕಾದರೆ ಹೋಗು ಎಂದಿದ್ದ. ಆ ಮಾತನ್ನು ನಂಬಿ ಅವಳು ಜೀಪಿನವನಿಗೆ ಮುಂಗಡ ಕಳಿಸಿದ್ದಳು. ವಿಷ್ಣುಪ್ರಸಾದ, ಗಾನಶ್ರೀ, ತನ್ಮಯೀ, ನಾಲ್ಕನೆಯವಳು ತಾನು.

ಹೊರಡಲು ಹತ್ತೊಂಬತ್ತು ದಿನ ಇರುವಾಗ, ಒಂದು ಭಾನುವಾರ, ಪುತ್ತೂರಿನವರು ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಹಾಳೆಯನ್ನು ಜಗಲಿಯಲ್ಲಿ ಹರಡಿ ಎಲ್ಲರೂ ಬಗ್ಗಿ ನೋಡಿದರು. ರಾಧಾಕೃಷ್ಣ ಏನೋ ನೆನಪಾದವನಂತೆ ಎದ್ದು ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದುಕೊಂಡು ಬಂದ. ನಾಲ್ಕನೇ ದಿನ ಏಕಾದಶಿ. ಐದನೇ ದಿನ ದ್ವಾದಶಿ, ಬೆಳಿಗ್ಗೆ ಏಳು ಇಪ್ಪತ್ತರವರೆಗೆ ಮಾತ್ರ.

ಅತ್ತೆ ಏಕಾದಶಿಯ ದಿನ ನೀರಲ್ಲದೆ ಬೇರೇನೂ ಮುಟ್ಟುವವರಲ್ಲ. ಮರುದಿನ ದ್ವಾದಶಿ ಮುಗಿಯುವುದರೊಳಗೆ ಪಾರಣೆ ಆಗಬೇಕು, ಅಂದರೆ ಉಪವಾಸ ಬಿಡಬೇಕು. ಅದಕ್ಕೆ ಪರಮೇಶ್ವರಿ ನಾಲ್ಕು ಗಂಟೆಗೆ ಎದ್ದು ಮಿಂದು ಅನ್ನ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡಿ ಬಡಿಸಬೇಕು. ತಿಂಗಳಿಗೆ ಎರಡು ಸಲ, ಇಪ್ಪತ್ತೈದು ವರ್ಷದಿಂದ ಅದು ಹೀಗೆಯೇ ನಡೆದಿತ್ತು. ಹೆರಿಗೆಗೆ ತವರಿಗೆ ಹೋದ ತಿಂಗಳುಗಳು ಮಾತ್ರ ಬಿಟ್ಟುಹೋಗಿದ್ದವು.

"ಏಳು ಇಪ್ಪತ್ತರ ಒಳಗೆ ಅಂದ್ರೆ ನೀನು ಬೆಟ್ಟಕ್ಕೆ ಹೋಗುದು ಹೇಗೆ?" ಎಂದ ರಾಧಾಕೃಷ್ಣ. ಅವನು ಅವಳ ಕೈಯಿಂದಲೇ ಪೆನ್ನು ತೆಗೆದುಕೊಂಡು ಅವಳ ಹೆಸರಿನ ಮೇಲೆ ಗೆರೆ ಎಳೆದ. "ಮುಂಗಡ ಕೊಟ್ಟಾಗಿದೆ. ಸೀಟು ಹಾಳು ಮಾಡುದು ಬೇಡ. ನಾನೇ ಹೋಗ್ತೇನೆ," ಎಂದು ತನ್ನ ಹೆಸರು ಬರೆದ.

ಗಾನಶ್ರೀ "ಪಾಪ, ಅಕ್ಕನಿಗೆ ಅದೊಂದೇ ಆಸೆ ಇದ್ದದ್ದು," ಎಂದು ಮೊಬೈಲಿನತ್ತ ತಿರುಗಿದಳು. ತನ್ಮಯೀ ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಅತ್ತೆ ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ಪರಮೇಶ್ವರಿ ಚಾ ಇಡಲು ಒಳಗೆ ಹೋದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುವವರೆಗೂ ಅವಳು ಅದರ ಎದುರೇ ನಿಂತಿದ್ದಳು.

ಮರುದಿನ ಅವಳು ಅತ್ತೆಯ ಗುಳಿಗೆಗಳ ಪಟ್ಟಿ ಮಾಡುತ್ತ ಕೂತಳು. ಬಿ.ಪಿ. ಗುಳಿಗೆ ಇಲ್ಲಿ ಬೆಳಿಗ್ಗೆ ಎಂಟಕ್ಕೆ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿ ಹತ್ತೂವರೆಗೆ ಎಂದು ಬರೆದವಳು ಪೆನ್ನನ್ನು ಅಲ್ಲೇ ನಿಲ್ಲಿಸಿದಳು. ಪಂಚಾಂಗದಲ್ಲಿ ಅಚ್ಚಾದ ಏಳು ಇಪ್ಪತ್ತು ಎಲ್ಲಿಯದು? ತಿಥಿ ಮುಗಿಯುವುದು ಸೂರ್ಯ ಚಂದ್ರರ ನಡುವಿನ ಅಂತರದಿಂದ. ಆ ಗಳಿಗೆ ಇಡೀ ಭೂಮಿಗೆ ಒಂದೇ. ಇಲ್ಲಿ ಏಳು ಇಪ್ಪತ್ತಾಗುವಾಗ ಬಾಲಿಯಲ್ಲಿ ಒಂಬತ್ತು ಐವತ್ತು. ಜೀಪು ವಾಪಸು ಬರುವುದು ಒಂಬತ್ತಕ್ಕೆ. ಗುಳಿಗೆಗೆ ಲೆಕ್ಕ ಹಾಕಿದವಳು ದ್ವಾದಶಿಗೆ ಹಾಕಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ನಗು ಬಂತು. ಇಡೀ ಮನೆಯೇ ಮೊಳೆಯಲ್ಲಿ ನೇತಾಡುವ ಪಂಚಾಂಗವನ್ನು ಸಮುದ್ರದಾಚೆಗೂ ಹಾಗೆಯೇ ಎತ್ತಿಕೊಂಡು ಹೋಗಿತ್ತು.

ತೋಟದಿಂದ ಬಂದ ಗಂಡನಿಗೆ ಹೇಳಿದಳು. ಅವನು ಕಾಲು ತೊಳೆಯುತ್ತಲೇ ಕೇಳಿದ. ಪಂಚಾಂಗ ತಿದ್ದಲು ನೀನು ಯಾರು, ಬೇಕಾದರೆ ಭಟ್ಟರನ್ನು ಕೇಳು ಎಂದ. ಅವಳು ಅವನ ಎದುರೇ ಮನೆಯ ಪುರೋಹಿತರಾದ ಕೃಷ್ಣಮೋಹನ ಭಟ್ಟರಿಗೆ ಫೋನು ಮಾಡಿ ಸ್ಪೀಕರಿನಲ್ಲಿಟ್ಟಳು. ಭಟ್ಟರು ಸ್ವಲ್ಪ ಹೊತ್ತು ಗುಣುಗುಣಿಸಿ ಲೆಕ್ಕ ಹಾಕಿದರು. ದಿನ ಅದುವೇ, ಹೊತ್ತು ಮಾತ್ರ ನೀವು ಹೇಳಿದ್ದು ಸರಿ, ಅಲ್ಲಿಯ ಒಂಬತ್ತು ಐವತ್ತರವರೆಗೆ ದ್ವಾದಶಿ ಇದೆ ಎಂದರು.

ರಾಧಾಕೃಷ್ಣ ಟವೆಲಿನಿಂದ ಮುಖ ಒರೆಸಿಕೊಂಡ. "ಆದ್ರೂ ಒಂಬತ್ತಕ್ಕೆ ಬಂದು ಐವತ್ತು ನಿಮಿಷದಲ್ಲಿ ಮಿಂದು ಅಡಿಗೆ ಆಗ್ತದಾ? ದಾರಿಯಲ್ಲಿ ಜೀಪು ತಡ ಆದ್ರೆ?" ಎಂದು ಫೋನಿನ ಕಡೆಗೇ ಕೇಳಿದ.

"ಅಡಿಗೆಗೆ ಗಡಿಬಿಡಿ ಎಂತಕ್ಕೆ?" ಎಂದರು ಭಟ್ಟರು. "ತುಳಸಿ ಹಾಕಿದ ನೀರು ಒಂದು ಉದ್ಧರಣೆ ಕುಡಿದ್ರೂ ಪಾರಣೆ ಆಯ್ತು. ಶಾಸ್ತ್ರದಲ್ಲೇ ಉಂಟು. ಊಟ ಮತ್ತೆ ಹತ್ತು ಗಂಟೆಗೋ ಹನ್ನೊಂದಕ್ಕೋ ಮಾಡ್ಲಿ. ಎಷ್ಟೋ ಮನೆಯಲ್ಲಿ ಹಾಗೇ ಮಾಡುದು ಅಕ್ಕ. ನೀವು ಇಷ್ಟು ವರ್ಷ ಬೆಳಿಗ್ಗೆಯೇ ಅನ್ನ ಬೇಯಿಸ್ತಾ ಇದ್ದದ್ದಾ?"

ಅವಳು ಹೂಂ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಫೋನು ಇಟ್ಟ ಮೇಲೆ ನೆನಪಾದದ್ದು ತನ್ಮಯೀಗೆ ನಾಲ್ಕು ತಿಂಗಳಿದ್ದಾಗಿನ ಒಂದು ದ್ವಾದಶಿ. ಮಗುವಿಗೆ ಜ್ವರ. ಮಡಿಯಲ್ಲಿದ್ದಾಗ ಎತ್ತಿಕೊಳ್ಳುವಂತಿಲ್ಲ. ತೊಟ್ಟಿಲಲ್ಲಿ ಅತ್ತು ಅತ್ತು ಮಗುವಿನ ಸ್ವರ ಕಟ್ಟಿತ್ತು. ಇವಳು ಒದ್ದೆ ಸೀರೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ಒಂದು ಉದ್ಧರಣೆ ನೀರು ಸಾಕಾಗಿತ್ತು.

ಅತ್ತೆ ಹಿಂದಿನ ಜಗಲಿಯಲ್ಲಿ ಅಲಸಂಡೆ ಮುರಿಯುತ್ತಿದ್ದರು. ಪರಮೇಶ್ವರಿ ಅವರ ಎದುರು ಕೂತು ಭಟ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅತ್ತೆಗೆ ಆಶ್ಚರ್ಯವಾಗುತ್ತದೆ, ಛೆ ಛೆ ಎನ್ನುತ್ತಾರೆ ಎಂದುಕೊಂಡಿದ್ದಳು. ಅತ್ತೆ ಅಲಸಂಡೆಯ ನಾರು ತೆಗೆಯುತ್ತಲೇ ಇದ್ದರು.

"ನನಗೆ ಗೊತ್ತುಂಟು," ಎಂದರು.

"ಯಾವಾಗಿಂದ?"

"ನನ್ನ ಅತ್ತೆ ಇದ್ದ ಕಾಲದಿಂದ. ನಾನೂ ಅವರಿಗೆ ಹೀಗೇ ಮಾಡಿ ಹಾಕಿದವಳು. ಒಮ್ಮೆ ನನಗೆ ಏಳ್ಲಿಕ್ಕೇ ಆಗದಷ್ಟು ಜ್ವರ ಬಂದಾಗ ಅವರು ನೀರು ಕುಡಿದು ಸುಮ್ಮನೆ ಕೂತದ್ದನ್ನು ನೋಡಿದ್ದೆ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ನೀವು?"

ಅತ್ತೆ ಅಂಗಳದ ಕಡೆ ನೋಡುತ್ತ ಹೇಳಿದರು: "ಈ ಮನೆಯಲ್ಲಿ ಅಡಿಗೆ ಆಗುದು ಗಂಡಸರಿಗೆ ಎಂತ ಬೇಕು, ಮಕ್ಕಳಿಗೆ ಎಂತ ಬೇಕು ಅಂತ. ನನಗೆ ಅಂತಲೇ ಒಲೆ ಹೊತ್ತುದು ಆ ಒಂದು ಬೆಳಿಗ್ಗೆ. ಬಿಸಿ ಅನ್ನ, ನನಗೆ ಮೊದಲು. ಅದನ್ನು ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಪರಮೇಶ್ವರಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟು ಹೋಗಿ ನಿಲ್ಲಲು ಜಾಗವಿರಲಿಲ್ಲ. ತನಗಾಗಿಯೇ ಯಾರಾದರೂ ಒಲೆ ಹೊತ್ತಿಸಿದ ದಿನ ಯಾವುದು ಎಂದು ಅವಳೂ ಹುಡುಕಿದಳು. ಬಾಣಂತನದ ನಲವತ್ತು ದಿನ ಬಿಟ್ಟರೆ ಬೇರೆ ಸಿಗಲಿಲ್ಲ. ಹಾಗೆಂದು ನಾಲ್ಕು ಗಂಟೆಯ ಆ ಐನೂರಕ್ಕೂ ಹೆಚ್ಚು ಬೆಳಗುಗಳನ್ನು ಮನ್ನಿಸುವಷ್ಟು ದೊಡ್ಡ ಮನಸ್ಸೂ ಅವಳಲ್ಲಿ ಇರಲಿಲ್ಲ. ಅಲಸಂಡೆಯ ಬುಟ್ಟಿಗೆ ಕೈ ಹಾಕಿದವಳು, ಮುರಿಯದೆ, ಕೈ ಹಿಂದಕ್ಕೆ ತೆಗೆದಳು.

ರಾತ್ರಿಯ ಊಟ ಬಡಿಸುವಾಗ ಅವಳು ಗಂಡನಿಗೆ ಹೇಳಿದಳು. ಐದನೇ ದಿನ ಬೆಳಿಗ್ಗೆ ನೀವು ಮೊದಲು ಹೇಳಿದ ಹಾಗೆ ಅತ್ತೆಯ ಜೊತೆ ಇರಿ, ಎದ್ದ ಮೇಲೆ ತುಳಸಿ ನೀರು ಕೊಡಿ, ನಾನು ಬಂದು ಊಟ ಬಡಿಸುತ್ತೇನೆ. ಜೀಪಿನವನಿಗೆ ಹೆಸರನ್ನು ನಾಳೆ ಮಧ್ಯಾಹ್ನದೊಳಗೆ ಪಾಸ್‌ಪೋರ್ಟ್ ನಂಬರಿನ ಜೊತೆ ಕಳಿಸಬೇಕು.

ರಾಧಾಕೃಷ್ಣ ಮಜ್ಜಿಗೆ ಕಲಸಿಕೊಂಡ. "ನಾನು ಹೋಗ್ತೇನೆ ಅಂತ ಎಲ್ಲರೆದುರು ಹೇಳಿಯಾಗಿದೆ. ಇನ್ನು ತಮ್ಮನ ಎದುರು, ಹೆಂಡತಿ ಬೇಡ ಅಂದ್ಲು, ಕೂತೆ ಅಂತ ಹೇಳುದಾ?" ಎಂದ.

"ಕಲ್ಲು, ಬೂದಿ ಅಂತ ನೀವೇ ಹೇಳಿದ್ದು."

"ಆಗ ಬೇರೆ. ಅಮ್ಮ, ನೀವೇ ಹೇಳಿ. ಊರು ಬಿಟ್ಟು ಅಷ್ಟು ದೂರ ಹೋಗಿ ನೀರು ಕುಡಿದು ಕೂರ್ತೀರಾ ನೀವು?"

ಅತ್ತೆ ಬಟ್ಟಲಿನತ್ತ ನೋಡಿದರು. ಕೂರುತ್ತೇನೆ ಎನ್ನಲಿಲ್ಲ, ಕೂರುವುದಿಲ್ಲ ಎನ್ನಲಿಲ್ಲ. ನನಗೆ ಇವತ್ತು ಮಜ್ಜಿಗೆ ಸಾಕು ಎಂದು ಎದ್ದು ಕೈ ತೊಳೆಯಲು ಹೋದರು. ಮನೆಯ ಎಲ್ಲ ತೀರ್ಮಾನಗಳಲ್ಲಿಯೂ ಅವರು ಇಷ್ಟೇ ಮಾಡಿದವರು. ಆ ಮೌನ ಯಾರ ಕಡೆಗೆ ವಾಲುತ್ತದೆ ಎಂಬುದು ಇಷ್ಟು ವರ್ಷ ಪರಮೇಶ್ವರಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಗೊತ್ತಾಗಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಅವಳು ಅಂಗಳದ ಮೂಲೆಯಲ್ಲಿ ನಿಂತು ನಾಲ್ಕು ಹೆಸರು ಬರೆದಳು. ನಾಲ್ಕನೆಯದಾಗಿ ತನ್ನದು. ಪಾಸ್‌ಪೋರ್ಟ್ ನಂಬರನ್ನು ಎರಡು ಸಲ ತಾಳೆ ನೋಡಿದಳು. ಆ ಬೆಳಿಗ್ಗೆ ಹೇಗಿರುತ್ತದೆ ಎಂದು ಅವಳಿಗೆ ಆಗಲೇ ಕಾಣುತ್ತಿತ್ತು: ಕರಿಯ ಕಲ್ಲಿನ ಮೇಲೆ ನಿಂತಿರುತ್ತಾಳೆ, ಬೆಳಕು ಬರುತ್ತಿರುತ್ತದೆ, ಅವಳು ಗಡಿಯಾರ ನೋಡುತ್ತಿರುತ್ತಾಳೆ. ಗಂಡ ನೀರು ಕೊಟ್ಟನೋ ಇಲ್ಲವೋ, ಕೊಟ್ಟರೂ ಅತ್ತೆ ಕುಡಿದರೋ, ಬಿಸಿ ಅನ್ನಕ್ಕಾಗಿ ತನ್ನ ದಾರಿಯನ್ನೇ ಕಾಯುತ್ತ ಹಸಿದು ಕೂತಿದ್ದಾರೋ. ನೋಡಲು ಹೋದದ್ದನ್ನು ಅರ್ಧವಷ್ಟೇ ನೋಡಿ ಬರುತ್ತಾಳೆ.

ಅರ್ಧವಾದರೂ ಆಗಲಿ ಎಂದು ಜೀಪಿನವನಿಗೆ ಕಳಿಸಿದಳು. ಅದನ್ನೇ ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದಳು. ಸ್ವಲ್ಪ ಹೊತ್ತಿಗೆ ಎಲ್ಲರೂ ನೋಡಿದ ಗುರುತು ಬಿತ್ತು. ಅಣ್ಣ ಬರುವುದಿಲ್ಲವಾ ಎಂದು ವಿಷ್ಣುಪ್ರಸಾದ ಕೇಳಿದ. ರಾಧಾಕೃಷ್ಣ ತೋಟದಲ್ಲಿದ್ದ, ಉತ್ತರಿಸಲಿಲ್ಲ. ಒಳಗೆ ಅತ್ತೆ ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಹಾಕುವ ಸದ್ದು ಕೇಳುತ್ತಿತ್ತು. ಉತ್ತರ ತಾನೇ ಬರೆಯಬೇಕೆಂದು ಪರಮೇಶ್ವರಿಗೆ ತಿಳಿಯಿತು.

'ಇಲ್ಲ. ಅಮ್ಮನ ಪಾರಣೆಗೆ ಅವರು ಇರುತ್ತಾರೆ,' ಎಂದು ಬರೆದಳು.