ಡಾಕ್ಟರಿಗೆ ಹೇಳದ ಚಿಕ್ಕಮ್ಮ

೧೯೮೪ರ ಆಟಿ, ಅಂದರೆ ಆಷಾಢದ ತಿಂಗಳು. ದೇರೆಬೈಲಿನ ನಮ್ಮ ಮನೆಯಲ್ಲಿ ಒಂದು ಮದುವೆ. ಮದುಮಗಳು, ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ ನನ್ನ ಚಿಕ್ಕಮ್ಮ. ಬಾವಿಯಿಂದ ಕೊಡ ಹೊತ್ತು ಬರುವಾಗ ಅಂಗಳದಲ್ಲೇ ಬಿದ್ದು ಸತ್ತವಳು. ಅಕ್ಕ ಸುಜಾತ ಆಗಾಗ ಎಚ್ಚರ ತಪ್ಪಿ ಬೀಳುತ್ತಿದ್ದಳು. ಮದುವೆಯಾಗದೆ ಸತ್ತ ಚಿಕ್ಕಮ್ಮನ ಕುಲೆ, ಅಂದರೆ ಪ್ರೇತ, ಅವಳನ್ನು ಕಾಡುತ್ತಿದೆ ಎಂದು ಜೋಯಿಸರು ಹೇಳಿದ್ದರು. ನಮ್ಮ ಕಡೆಯ ಪದ್ಧತಿಯಂತೆ ಸತ್ತ ಹುಡುಗನೊಬ್ಬನನ್ನು ಗೊತ್ತುಮಾಡಿ, ಮಣೆಯ ಮೇಲೆ ಸೀರೆ, ಬಳೆ, ಪಂಚೆ ಇಟ್ಟು ಮದುವೆ ಮಾಡಿ ಎಲೆ ಹಾಕಿ ಬಡಿಸಿದೆವು. ಮುಂದೆ ನಿಂತು ಮಾಡಿಸಿದವರು ಅಮ್ಮನ ಅಣ್ಣ, ನಮ್ಮ ಮಾವ. ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ.

ಅಕ್ಕ ಮತ್ತೆ ಬಿದ್ದಳು. ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಇಸಿಜಿಯ ಗೆರೆಗಳನ್ನು ತುಂಬಾ ಹೊತ್ತು ನೋಡಿ, "ನಿಮ್ಮಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲಿ ಹೀಗೆ ಬಿದ್ದು ತೀರಿಹೋದದ್ದು ಉಂಟಾ? ನೆನಪು ಮಾಡಿ ಹೇಳಿ" ಎಂದರು.

"ಇಲ್ಲ ಡಾಕ್ಟ್ರೇ, ಅಂಥದ್ದು ಎಂತದೂ ಇಲ್ಲ," ಎಂದರು ಮಾವ. ಅಮ್ಮ ತಲೆ ತಗ್ಗಿಸಿದಳು.

ಹಾಗಾದರೆ ನಿಶ್ಶಕ್ತಿಯೇ ಇರಬೇಕು ಎಂದು ಡಾಕ್ಟರು ಟಾನಿಕ್ ಬರೆದುಕೊಟ್ಟರು. ಹೊರಗೆ ಬಂದು, "ಹಾಗಾದರೆ ಚಿಕ್ಕಮ್ಮ ಯಾರು ಮಾವ?" ಎಂದು ಕೇಳಿದೆ.

"ಬಾಯಿ ಮುಚ್ಚು. ಕೊಟ್ಟಾರದವರು ಹುಡುಗಿ ನೋಡಿ ಹೋಗಿದ್ದಾರೆ. ಕುಟುಂಬದಲ್ಲೇ ಕಾಯಿಲೆ ಉಂಟು ಅಂತ ಗೊತ್ತಾದರೆ ಮತ್ತೆ ಈ ಕಡೆ ತಲೆ ಹಾಕ್ತಾರಾ?"

ದೀಪಾವಳಿಗೆ ಮೊದಲು, ಬಸ್ಸು ಹಿಡಿಯಲು ಓಡಿದ ಅಕ್ಕ ರಸ್ತೆಯಲ್ಲೇ ಬಿದ್ದಳು. ಏಳಲಿಲ್ಲ. ಟಾನಿಕ್ ಬಾಟ್ಲಿ ಇನ್ನೂ ಮುಗಿದಿರಲಿಲ್ಲ.

ಮರುವರ್ಷದ ಆಟಿಯಲ್ಲಿ ಅವಳಿಗೂ ಕುಲೆಯ ಮದುವೆ. ಬಿಕರ್ನಕಟ್ಟೆಯಲ್ಲಿ ತೀರಿಹೋದ ಒಬ್ಬ ಹುಡುಗನ ಮನೆಯವರು ಒಪ್ಪಿದ್ದರು. ಅವರ ಪಕ್ಕ ಕೂತು ಊಟ ಮಾಡುತ್ತಾ ಮಾವ, "ನಮ್ಮಲ್ಲಿ ಹೀಗೆ ಉಂಟು ಮಾರಾಯ್ರೆ, ಇವಳ ಚಿಕ್ಕಮ್ಮ ಸಹ ಹೀಗೇ ಬಿದ್ದು ಹೋದದ್ದು," ಎಂದು ಕತೆ ಹೇಳುತ್ತಿದ್ದರು. ಡಾಕ್ಟರು ಕೇಳಿದ್ದು ಅದೊಂದೇ ಮಾತನ್ನು. ಬಡಿಸುತ್ತಿದ್ದ ನಾನು ಸೌಟನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.

ಎಷ್ಟೋ ವರ್ಷಗಳ ಮೇಲೆ ನನ್ನ ಮಗಳಿಗೂ ಅದೇ ಕಾಯಿಲೆ ಕಾಣಿಸಿತು. ಡಾಕ್ಟರು ಕೇಳುವ ಮೊದಲೇ ಚಿಕ್ಕಮ್ಮನ ಹೆಸರು, ಅಕ್ಕನ ಹೆಸರು ಎರಡನ್ನೂ ಹೇಳಿದೆ. ತೊಡೆಯ ರಕ್ತನಾಳದಿಂದ ಹೃದಯಕ್ಕೆ ತೆಳುವಾದ ನಳಿಕೆ ಹಾಯಿಸಿ, ಬಡಿತ ತಪ್ಪಿಸುವ ಜಾಗವನ್ನು ಸುಟ್ಟರು. ಮಗಳು ಈಗ ಬಸ್ಸಿಗೆ ಓಡುತ್ತಾಳೆ. ಅದನ್ನು ನೋಡುವಾಗ ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ಬರುತ್ತದೆ. ಮಾವ ತೀರಿಹೋಗಿ ತುಂಬಾ ಕಾಲವಾಯಿತು. ಅವರನ್ನು ನಾನಿನ್ನೂ ಕ್ಷಮಿಸಿಲ್ಲ.