ಕೆಳಗಿನ ಚಿಲುಮೆ

ನಮ್ಮ ಸೋದರತ್ತೆಯ ಊರಿನಲ್ಲಿ ಬೋರ್‌ವೆಲ್ ನೀರಿಗೆ ಬೇಳೆ ಬೇಯುತ್ತಿರಲಿಲ್ಲ. ಎರಡು ಗಂಟೆ ಕುದಿಸಿದರೂ ತೊಗರಿಬೇಳೆ ತಳದಲ್ಲಿ ಹರಳು ಹರಳಾಗಿಯೇ ಉಳಿಯುತ್ತಿತ್ತು. ಹಾಗಾಗಿ ಕುಡಿಯುವುದಕ್ಕೂ ಬೇಯಿಸುವುದಕ್ಕೂ ಊರಿನವರು ಹೇಮಾವತಿಯ ಮರಳಿನಲ್ಲಿ ಚಿಲುಮೆ ತೋಡಿ ನೀರು ತರುತ್ತಿದ್ದರು. ಮೊಳದಷ್ಟು ಆಳಕ್ಕೆ ಮರಳು ಬಗೆದರೆ ಗುಂಡಿಯಲ್ಲಿ ನೀರು ಜಿನುಗುತ್ತದೆ. ಕದಡಿದ ಮೊದಲ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಚೆಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಆಮೇಲೆ ಬರುವುದು ತಿಳಿನೀರು.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ ಆ ಊರು. ಬೇಸಿಗೆಯಲ್ಲಿ ಅಣೆಕಟ್ಟೆಯಿಂದ ನೀರು ಬಿಡದ ದಿನಗಳಲ್ಲಿ ಹೊಳೆ ಆಚೆ ದಡಕ್ಕೆ ಸರಿದುಕೊಂಡು ಈಚೆಗೆ ಅಗಲವಾದ ಮರಳ ದಂಡೆಯನ್ನು ಬಿಟ್ಟುಕೊಡುತ್ತಿತ್ತು. ಅಲ್ಲಿ ಮೆಟ್ಟಿಲಿರಲಿಲ್ಲ, ಗುಡಿಯಿರಲಿಲ್ಲ, ಬಟ್ಟೆ ಒಗೆಯುವ ಕಲ್ಲೂ ಇರಲಿಲ್ಲ. ದಂಡೆಯ ಮೇಲ್ತುದಿಯಲ್ಲಿ ಹರಿಗೋಲಿನ ಕಡವು. ಆಚೆ ದಡದ ಹಳ್ಳಿಗಳವರು ಸಂತೆಗೆ, ಆಸ್ಪತ್ರೆಗೆ, ಬಸ್ಸಿಗೆ ಬರುತ್ತಿದ್ದದ್ದು ಆ ಹರಿಗೋಲಿನಲ್ಲೇ. ಅದು ತಿರುಗುತ್ತ ತಿರುಗುತ್ತ ಬಂದು ಜನರನ್ನು ಇಳಿಸಿ ಹೋದ ಮೇಲೆ ದಂಡೆ ಮತ್ತೆ ತನ್ನ ಪಾಡಿಗೆ ಬಿದ್ದಿರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್‌ನಲ್ಲಿ ರಜಕ್ಕೆಂದು ಅತ್ತೆಯ ಮನೆಗೆ ಹೋಗಿದ್ದೆ. ಹಾಸನದಲ್ಲಿ ಬಿ.ಎ. ಓದುತ್ತಿದ್ದೆ. ಆ ವರ್ಷ ಚರ್ಚಾಸ್ಪರ್ಧೆಯಲ್ಲಿ ಷೀಲ್ಡ್ ಗೆದ್ದಿದ್ದೆ. ‘ಅಸ್ಪೃಶ್ಯತೆ ಈಗ ಪಠ್ಯಪುಸ್ತಕದಲ್ಲಷ್ಟೇ ಉಳಿದಿದೆ’ ಎಂಬುದು ವಿಷಯ, ನಾನು ವಿರೋಧ. ಮನೆಯಲ್ಲಿ ಯಾರಾದರೂ ‘ಶಾಸ್ತ್ರದಲ್ಲಿ ಹೇಳಿದೆ’ ಅಂದರೆ ‘ಯಾವ ಶಾಸ್ತ್ರ, ಎಷ್ಟನೇ ಪುಟ’ ಅಂತ ಕೇಳುವ ಚಟ ಅಂಟಿತ್ತು. ಅತ್ತೆಯ ಬಿಂದಿಗೆ ಎತ್ತಿಕೊಂಡು ದಿನವೂ ಹೊಳೆಗೆ ಹೋಗುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡೆ. ಗಂಡಸು ನೀರು ಹೊರುವುದೂ ಒಂದು ವಾದ ಅಂತ ನನ್ನ ಲೆಕ್ಕ.

ದಂಡೆಯ ನಡುವೆ ಒಂದು ಕರಿಬಂಡೆ. ಬಂಡೆಯ ಮೇಲ್ಭಾಗಕ್ಕೆ ನಮ್ಮ ಕೇರಿ, ಒಕ್ಕಲಿನವರ ಕೇರಿಗಳ ಚಿಲುಮೆಗಳು, ಕೆಳಭಾಗಕ್ಕೆ ಊರಾಚೆಯ ಕೇರಿಯವರವು. ಬೋರ್ಡಿರಲಿಲ್ಲ, ಗೆರೆಯಿರಲಿಲ್ಲ, ತಪ್ಪಿದವರೂ ಇರಲಿಲ್ಲ. ಬಂಡೆಯ ಕೆಳಗೆ ನೀರು ತುಂಬಲು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬರುತ್ತಿದ್ದರು. ಮೊದಲ ದಿನವೇ ಅವರು ನನ್ನ ಬಿಂದಿಗೆ ನೋಡಿ ನಕ್ಕರು.

“ಏನ್ ಚಿಕ್ಕಯ್ನೋರೆ, ಮನೇಲಿ ಎಣ್ಮಕ್ಳಿಲ್ವಾ?”

“ಹೆಣ್ಮಕ್ಕಳೇ ಹೊರಬೇಕು ಅಂತ ಎಲ್ಲಿ ಬರೆದಿದೆ?”

“ಬರ್ದಿರದು ನಂಗೇನ್ ಗೊತ್ತು. ಒತ್ತಿರದು ಗೊತ್ತು.”

ಮಾರನೆಯ ದಿನ ನಾನು ಬಂಡೆಯ ಹತ್ತಿರವೇ ಕೂತು, ಮೇಲೆ ಇಷ್ಟು ಜಾಗ ಇರುವಾಗ ನೀವೇಕೆ ಕೆಳಗೇ ತೋಡುತ್ತೀರಿ ಅಂತ ಕೇಳಿದೆ.

“ನಮ್ಮತ್ತೆ ಇಲ್ಲೇ ತೋಡ್ತಿದ್ರು.”

“ಅವರು ಯಾಕೆ?”

“ಅವ್ರತ್ತೆ ಇಲ್ಲೇ ತೋಡ್ತಿದ್ರು. ನೀವಿಂಗೇ ಕೇಳ್ತಾ ಓದ್ರೆ ಕೊನೀಗೆ ದ್ಯಾವ್ರು ಸಿಕ್ತಾನೆ. ನನ್ ಸಾರು ಬೇಯಕಿಲ್ಲ ಬುದ್ದಿ.”

ಬುದ್ದಿ ಅನ್ನಬೇಡಿ ಅಂದೆ. “ಇನ್ನೇನನ್ನನ, ಮಗ ಅನ್ನನಾ? ನನ್ ಮಗ ಇಷ್ಟ್ ಪ್ರಶ್ನೆ ಕೇಳಿದ್ರೆ ಬೆನ್ಮೇಲೆ ನಾಕ್ ಬಿಡ್ತಿದ್ದೆ” ಅಂದು ಕೊಡ ಸೊಂಟಕ್ಕೇರಿಸಿ ಹೊರಟರು. ನಾಲ್ಕು ದಿನ ಹೀಗೇ ಮಾತು ನಡೆಯಿತು. ನಿಜ ಹೇಳಬೇಕೆಂದರೆ ನಾಲ್ಕು ದಿನವೂ ಮಾತಿನಲ್ಲಿ ಸೋತವನು ನಾನು. ಐದನೆಯ ದಿನ ನಾನು ಮಾಡಿದ್ದಕ್ಕೆ ಅದೂ ಒಂದು ಕಾರಣ.

“ಇವತ್ತು ನಿಮ್ಮ ಚಿಲುಮೆ ನೀರು ಕುಡೀತೀನಿ” ಅಂದೆ.

“ಬ್ಯಾಡಿ.”

“ಕುಡಿದರೆ ನನಗೇನಾಗುತ್ತೆ?”

“ನಿಮ್ಗೇನೂ ಆಗಕಿಲ್ಲ. ಆಗದು ನಂಗೆ.”

ಯಾವ ವೇದಿಕೆಯ ಮೇಲೂ ನನ್ನೆದುರು ಇಷ್ಟು ಚಿಕ್ಕದಾದ, ಇಷ್ಟು ಗಟ್ಟಿಯಾದ ವಾದವನ್ನು ಯಾರೂ ಇಟ್ಟಿರಲಿಲ್ಲ. ಆದರೆ ನಾನು ಅದನ್ನು ವಾದವೆಂದು ಎಣಿಸಲೇ ಇಲ್ಲ. ಭಯ ಅಂತ ಹೆಸರಿಟ್ಟು ಪಕ್ಕಕ್ಕಿಟ್ಟೆ. ಅಂಶವಾರು ಉತ್ತರ ಕೊಟ್ಟೆ. ಕಾನೂನು ನಿಮ್ಮ ಕಡೆಗಿದೆ. ನೀರು ಮರಳಿನ ಕೆಳಗೆ ಎಲ್ಲ ಒಂದೇ. ಯಾರಾದರೂ ಒಬ್ಬರು ಶುರುಮಾಡಬೇಕು. “ಆ ಒಬ್ರು ನಾನೇ ಯಾಕಾಗ್ಬೇಕು?” ಅಂದರು. “ನೀವಲ್ಲ, ನಾನು” ಅಂದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಬರೆಯಬೇಕು. ನಾನು ತಕ್ಷಣ ಕುಡಿಯಲಿಲ್ಲ. ಹರಿಗೋಲು ಆಗ ಹೊಳೆಯ ನಡುವೆ ಇತ್ತು, ಅದರಲ್ಲಿ ಏಳೆಂಟು ಜನ ಇದ್ದರು. ಅದು ಕಡವಿಗೆ ತಾಗಿ, ಜನ ಇಳಿದು, ಪಂಚೆ ಎತ್ತಿಕಟ್ಟಿ ನಮ್ಮತ್ತ ಮುಖ ಮಾಡುವವರೆಗೂ ಕಾದೆ. ಆಮೇಲೆ ಆಕೆಯ ಕೈಯಿಂದ ಚಿಪ್ಪನ್ನು ತೆಗೆದುಕೊಂಡು ಮೊಗೆದು ಕುಡಿದೆ. ಕೊಟ್ಟರು ಅಂತ ಬರೆಯಲಾರೆ, ತೆಗೆದುಕೊಂಡೆ. ಅಷ್ಟಕ್ಕೇ ನಿಲ್ಲಿಸದೆ ಅತ್ತೆಯ ಬಿಂದಿಗೆಯನ್ನೂ ಅದೇ ಚಿಲುಮೆಯಲ್ಲಿ ತುಂಬಿಸಿದೆ. ಆಕೆ ಎದ್ದು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದ್ದರು.

ಇಳಿದವರಲ್ಲಿ ಮೇಲಿನ ಕೇರಿಯ ಯಜಮಾನರೊಬ್ಬರಿದ್ದರು. ಅವರು ನನ್ನ ಮುಖ ನೋಡಲಿಲ್ಲ.

“ಏನಮ್ಮಿ, ಉಡುಗ್ರು ತಿಳೀದೆ ಬಂದ್ರೆ ನೀನ್ ಕುಡೀಬ್ಯಾಡಿ ಅಂತ ಏಳ್ಬೇಕೋ ಬ್ಯಾಡ್ವೋ?”

“ಏಳ್ದೆ ಬುದ್ದಿ.”

“ಏಳಿದ್ರೆ ಇಂಗ್ಯಾಕಾಯ್ತದೆ?”

ನಾನು ಮಧ್ಯೆ ಬಾಯಿ ಹಾಕಿದೆ, ಸಂವಿಧಾನದಿಂದಲೇ ಶುರುಮಾಡಿದೆ. ಅವರು ಪೂರ್ತಿ ಕೇಳಿದರು. “ಸಂದಾಕ್ ಮಾತಾಡ್ತೀರ ಕಣಪ್ಪ. ಆಸನದಲ್ಲಿ ಪ್ರೈಜ್ ಬಂತಂತಲ್ಲ, ನಿಮ್ಮತ್ತೆ ಏಳ್ತಿದ್ರು” ಅಂದು ನನ್ನ ಬೆನ್ನು ತಟ್ಟಿ ಹೊರಟುಹೋದರು.

ಮನೆಯಲ್ಲಿ ನಡೆದದ್ದನ್ನು ನಾನೇ ಹೆಮ್ಮೆಯಿಂದ ಹೇಳಿದೆ. ಅತ್ತೆ ಆ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು ಬಿಂದಿಗೆಗೆ ಹುಣಿಸೆಹಣ್ಣು ಹಾಕಿ ತಿಕ್ಕತೊಡಗಿದರು. ನಾನು ಜಗಳಕ್ಕೆ ಸಿದ್ಧನಾಗಿ ನಿಂತಿದ್ದೆ. ತಿಕ್ಕುತ್ತಲೇ ಅವರು ಕೇಳಿದರು: “ಅವಳನ್ನು ಕೇಳಿ ಕುಡಿದ್ಯೇನೋ?”

“ಕೇಳಿದೆ.”

“ಏನಂದಳು?”

ಮಡಿ ಮಾಡುವ ಅತ್ತೆಗೆ ಹೊಳೆದ ಪ್ರಶ್ನೆ ಮಡಿ ಮುರಿಯಲು ಹೊರಟವನಿಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಬಂಡೆಯ ಕೆಳಗೆ ಚಿಲುಮೆಗಳೇ ಇರಲಿಲ್ಲ. ಗುಂಡಿಗಳನ್ನು ಮುಚ್ಚಿ ಮೇಲಿಂದ ಮರಳು ಎಳೆದು ಸಮ ಮಾಡಿದ್ದರು. ಹೆಜ್ಜೆಗುರುತು ಹಿಡಿದು ದಂಡೆಗುಂಟ ಕೆಳಕ್ಕೆ ಹೋದೆ. ಎಮ್ಮೆ ಮೈ ತೊಳೆಯುವ ತಿರುವೂ ದಾಟಿದ ಮೇಲೆ ಆಕೆ ಸಿಕ್ಕರು, ಇನ್ನಿಬ್ಬರು ಹೆಂಗಸರ ಜೊತೆ ಹೊಸದಾಗಿ ತೋಡುತ್ತಿದ್ದರು. ಅಲ್ಲಿ ಮರಳು ತೆಳುವಾಗಿತ್ತು, ಕೆಳಗೆ ಕಪ್ಪು ಕೆಸರು ಸಿಗುತ್ತಿತ್ತು. ಎಷ್ಟು ಮೊಗೆದು ಚೆಲ್ಲಿದರೂ ನೀರಿಗೆ ಸಗಣಿಯ ವಾಸನೆ.

“ಯಾರು ಮುಚ್ಚಿಸಿದರು? ಯಜಮಾನರೇ?” ಅಂದೆ.

“ಯಾರೂ ಮುಚ್ಸಿಲ್ಲ. ನಮ್ಮೋರೇ ಮುಚ್ಚುದ್ರು. ನಾಳೀಕೆ ನಿಮ್ಮಂತೋರು ಇನ್ನೊಬ್ರು ಬಂದು ಕುಡುದ್ರೆ?” ಜೊತೆಯಲ್ಲಿದ್ದವರೊಬ್ಬರು ಅಂದ ಮಾತಿದು. ಆಕೆ ತಲೆ ಎತ್ತಲಿಲ್ಲ. ನಾನು ಕ್ಷಮೆ ಕೇಳಲು ಶುರುಮಾಡಿದರೆ ಅದೂ ಭಾಷಣದ ಹಾಗೆಯೇ ಹೊರಟಿತು. “ನಿಮ್ಮತ್ರ ವಾದ ಮಾಡಕಾಯ್ತದಾ ಬುದ್ದಿ. ಓಗಿ, ನೀರು ಕದಡ್ತದೆ” ಅಂದರು. ಆಕೆಯ ಮಾತಿನಲ್ಲಿ ಮೊದಲಿನ ನಗು ಇರಲಿಲ್ಲ.

ಅದೇ ಸಂಜೆ ಯಜಮಾನರ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿದರು. ಊರಾಚೆಯ ಕೇರಿಯವರು ತೋಡುತ್ತಿದ್ದ ಜಾಗ ಅವರಿಗೆ ಬಿಟ್ಟುಕೊಡಬೇಕು ಅಂದೆ. “ನಾನ್ ಇಸ್ಕಂಡಿದ್ರೆ ತಾನೆ ಬುಟ್ಕೊಡದು? ಅವ್ರಾಗೇ ಓದ್ರೆ ಕೈ ಇಡ್ದು ನಿಲ್ಸನಾ?” ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಣೆಯಿಲ್ಲ, ಆಜ್ಞೆಯಿಲ್ಲ, ಖಂಡಿಸಲು ಹಿಡಿಯೇ ಸಿಗಲಿಲ್ಲ. ಹಾಗಾದರೆ ನಾಳೆ ನನ್ನ ಜೊತೆ ಹೊಳೆಗೆ ಬನ್ನಿ, ಇಲ್ಲೇ ತೋಡಿ ಅಂತ ನಿಮ್ಮ ಬಾಯಿಂದಲೇ ಹೇಳಿ ಅನ್ನಬಹುದಿತ್ತು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಬೆಲ್ಲದ ಕಾಫಿ, ಚೆನ್ನಾಗಿತ್ತು. ಕುಡಿದು ಎದ್ದು ಬಂದೆ.

ಇಷ್ಟೇ ಆಗಿದ್ದರೆ ಹುಡುಗುತನ ಅಂತ ನನ್ನನ್ನು ನಾನೇ ಬಿಟ್ಟುಬಿಡುತ್ತಿದ್ದೆನೇನೋ. ಆ ವರ್ಷದ ಕೊನೆಗೆ ಚನ್ನರಾಯಪಟ್ಟಣದಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ. ಸಾಮಾಜಿಕ ಬದಲಾವಣೆ ಕಾನೂನಿನಿಂದಲೋ ವ್ಯಕ್ತಿಯಿಂದಲೋ ಎಂಬುದು ವಿಷಯ. ನಾನು ಹೊಳೆಯ ದಂಡೆಯ ಕಥೆ ಹೇಳಿದೆ. ಕರಿಬಂಡೆ ಹೇಳಿದೆ, ಹರಿಗೋಲು ಹೇಳಿದೆ, ಚಿಪ್ಪೆತ್ತಿ ಕುಡಿದ ನೀರಿನ ತಂಪು ಹೇಳಿದೆ. “ಬ್ಯಾಡಿ” ಅಂದದ್ದನ್ನು ಬಿಟ್ಟೆ. ನಾಲ್ಕನೇ ನಿಮಿಷದ ಗಂಟೆ ಹೊಡೆಯುವುದಕ್ಕೂ ನಾನು ಚಿಪ್ಪು ಕೆಳಗಿಡುವುದಕ್ಕೂ ಸರಿಹೋಯಿತು. ಮೊದಲ ಬಹುಮಾನ ಬಂತು. ಉಪ್ಪಿಟ್ಟು ತಿನ್ನುತ್ತಿದ್ದಾಗ ತೀರ್ಪುಗಾರರಾಗಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಪಕ್ಕಕ್ಕೆ ಬಂದು ನಿಂತರು.

“ಆಮೇಲೆ ಆಕೆಗೇನೂ ತೊಂದರೆ ಆಗಲಿಲ್ವೇನಪ್ಪ?”

“ಇಲ್ಲ ಸಾರ್. ಈಗ ಎಲ್ಲರೂ ಒಂದೇ ಕಡೆ ತೋಡ್ತಾರೆ.”

ಅವರ ಕಣ್ಣು ಒದ್ದೆಯಾಯಿತು. ಅದನ್ನು ನೋಡಿಯೂ ನಾನು ತಟ್ಟೆಯಲ್ಲಿದ್ದುದನ್ನು ತಿಂದು ಮುಗಿಸಿದೆ.

ಮತ್ತೆ ಆ ದಂಡೆಗೆ ಹೋದದ್ದು ಎರಡು ಸಾವಿರ ಇಸವಿ ದಾಟಿದ ಮೇಲೆ, ಅತ್ತೆಯ ಮನೆಯಲ್ಲಿ ಒಂದು ನಾಮಕರಣವಿತ್ತು. ಊಟ ಮುಗಿಸಿ ಒಬ್ಬನೇ ಹೊಳೆಗೆ ನಡೆದೆ. ಊರಿಗೆ ಟ್ಯಾಂಕ್ ಬಂದು ಮೇಲಿನ ಕೇರಿಗಳ ಮನೆಮನೆಗೂ ನಲ್ಲಿಯಾಗಿತ್ತು. ಬಂಡೆಯ ಮೇಲ್ಭಾಗದಲ್ಲಿ ಒಂದೂ ಚಿಲುಮೆ ಇರಲಿಲ್ಲ, ಅಷ್ಟೂ ಮರಳು ಖಾಲಿ ಬಿದ್ದಿತ್ತು. ಎಮ್ಮೆ ತಿರುವಿನಾಚೆ ಆಕೆ ಇದ್ದರು. ಕೂದಲು ನೆರೆತಿತ್ತು, ಕೊಡ ಪ್ಲಾಸ್ಟಿಕ್ಕಿನದಾಗಿತ್ತು. ಗುರುತು ಹಿಡಿದರು. “ನಮ್ಮ ಕೇರಿಗೂ ಪೈಪು ಬಂದದೆ, ನೀರು ಬರದು ಯಾವಾಗ್ಲೋ” ಅಂದರು. ಮೇಲೆ ಯಾರೂ ತೋಡುತ್ತಿಲ್ಲವಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ ಅಂದೆ.

“ಬ್ಯಾಡ ಅಂತ ಯಾರೂ ಅಂದಿಲ್ಲ. ಬನ್ನಿ ಅಂತಾನೂ ಅಂದಿಲ್ಲ.”

ಆಗ ಚನ್ನರಾಯಪಟ್ಟಣದ ಸುಳ್ಳನ್ನು ಅವರಿಗೆ ಹೇಳಿಬಿಟ್ಟೆ. ಎಲ್ಲರೂ ಒಂದೇ ಕಡೆ ತೋಡುತ್ತಾರೆ ಅಂತ ಹೇಳಿ ಬಹುಮಾನ ತೆಗೆದುಕೊಂಡೆ ಅಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಚಿಪ್ಪಿನಲ್ಲಿದ್ದ ನೀರನ್ನು ಚೆಲ್ಲಿ ನನ್ನತ್ತ ತಿರುಗಿದರು.

“ಅಲ್ಲೇಳಿದ್ನ ಇಲ್ಯಾಕೇಳ್ಲಿಲ್ಲ ನೀವು?”

ಚಿಪ್ಪನ್ನು ಮರಳಿನ ಮೇಲಿಟ್ಟು ಬಂಡೆಯ ದಿಕ್ಕಿಗೆ ಕೈ ತೋರಿಸಿದರು.

“ಈಗ್ ಬತ್ತೀರಾ? ಬಂಡೆ ಮೇಲ್ಗಡೆ ನಾನ್ ತೋಡ್ತೀನಿ. ನೀರು ತಿಳಿಯಾಗಗಂಟ ನೀವ್ ಪಕ್ದಲ್ಲಿ ಕುಂತಿರಿ. ಮಾತಾಡ್ಬ್ಯಾಡಿ, ಸುಮ್ಕೆ ಕುಂತಿರಿ. ಯಾರಾದ್ರೂ ಬಂದ್ರೆ ‘ನಾನೇ ತೋಡು ಅಂದೆ’ ಅನ್ನಿ.”

ಕೇಳಿದ್ದು ಅಷ್ಟೇ, ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ನಾಲ್ಕು ಗಂಟೆಗೆ ಹಾಸನದ ಬಸ್ಸಿತ್ತು. ಅತ್ತೆಯ ಮನೆಯಲ್ಲಿ ಇನ್ನೂ ನೆಂಟರಿದ್ದರು. ಆಮೇಲೆ ಊರಲ್ಲಿ ಮಾತಾದರೆ ಇಲ್ಲೇ ಬಾಳಬೇಕಾದ ಅತ್ತೆಯ ಗತಿಯೇನು ಎಂಬ ಯೋಚನೆಯೂ ಬಂತು. ‘ನಿಮ್ಗೇನೂ ಆಗಕಿಲ್ಲ’ ಎಂಬ ಅವರ ಮಾತು ಈ ಸಲ ನನ್ನ ಮಟ್ಟಿಗೆ ಪೂರ್ತಿ ನಿಜವಾಗಿ ಉಳಿದಿರಲಿಲ್ಲ. ಕೈ ಗಡಿಯಾರ ನೋಡಿಕೊಂಡೆ. ಅದನ್ನು ಅವರು ನೋಡಿದರು.

“ಓಗಿ, ಬಸ್ ತಪ್ಪೋದಾತು” ಅಂದು ಚಿಪ್ಪು ಎತ್ತಿಕೊಂಡರು.

ಬಸ್ಸು ಆ ದಿನ ಮುಕ್ಕಾಲು ಗಂಟೆ ತಡವಾಗಿ ಬಂತು. ಅಷ್ಟು ಹೊತ್ತೂ ನಾನು ಸ್ಟಾಪಿನಲ್ಲೇ ನಿಂತಿದ್ದೆ.