ಕಾಪುವಿನ ಬಂಡೆಯ ಅಡಿಗೆ ಅಪ್ಪನಿಗೊಂದು ಲೈಟ್

ಅವತ್ತು ಅಪ್ಪ ಬರಿಗೈಯಲ್ಲಿ ಮೇಲೆ ಬಂದರು.

ಕಾಪುವಿನ ದೀಪಸ್ತಂಭದ ಹತ್ತಿರ ಬಂಡೆಗಳ ಅಡಿಗೆ ಮುಳುಗಿ, ಕಲ್ಲಿಗೆ ಅಂಟಿದ ಪಚ್ಚಿಲೆ ಎಂಬ ಚಿಪ್ಪುಮೀನನ್ನು ಉಳಿಯಿಂದ ಕಿತ್ತು ತರುವುದು ಅವರ ಕೆಲಸ. ಆ ಹಸಿರು ಚಿಪ್ಪಿನ ಗೊಂಚಲುಗಳಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

"ನೀರು ಕದಡಿದೆ ಮಗಾ, ಎಂತದೂ ಕಾಣುವುದಿಲ್ಲ" ಎಂದರು.

ಮಳೆಗಾಲ ಮುಗಿದು ಎರಡು ತಿಂಗಳಾಗಿತ್ತು, ನೀರು ತಿಳಿಯಾಗಬೇಕಿತ್ತು. ಆದರೂ ನಂಬಿದೆ... ಸಮುದ್ರದ ವಿಷಯದಲ್ಲಿ ಅಪ್ಪ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮರುಮಾತಿಲ್ಲ.

ಇದು ಎಂಬತ್ತರ ದಶಕದ ಆರಂಭದ ಮಾತು. ನಾನು ಉಡುಪಿಯಲ್ಲಿ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದೆ. ಕೈಯಲ್ಲಿ ಸೋಲ್ಡರಿಂಗ್ ಐರನ್ ಇದ್ದರೆ ಯಾವುದನ್ನೂ ಸರಿ ಮಾಡಬಲ್ಲೆ ಎಂಬ ಅಹಂಕಾರದ ವಯಸ್ಸು. ಅಪ್ಪನಿಗೆ ನೀರಿನೊಳಗೆ ಉರಿಯುವ ಲೈಟ್ ಕೊಡಿಸುತ್ತೇನೆ ಎಂದು ಹೊರಟೆ.

ಮೊದಲು ಮೂರು ಸೆಲ್ಲಿನ ಟಾರ್ಚಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಬಕೆಟ್ಟಿನಲ್ಲಿ ಚೆನ್ನಾಗಿಯೇ ಉರಿಯಿತು. ಅಪ್ಪ ಎರಡಾಳು ಆಳಕ್ಕೆ ಇಳಿಯುವಷ್ಟರಲ್ಲಿ ನೀರು ಕುಡಿದು ಸತ್ತೇಹೋಯಿತು.

ಆಮೇಲೆ ಟಾರ್ಚನ್ನು ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳಕ್ಕೆ ಮೇಣ ಸುರಿದೆ. ಆ ಮಹಾನುಭಾವ ಮುಳುಗಲಿಕ್ಕೇ ಒಪ್ಪಲಿಲ್ಲ! ಕಲ್ಲು ಕಟ್ಟಿ ಇಳಿಸಿದರೆ ಬಂಡೆಗೆ ಬಡಿದು ಒಡೆಯಿತು.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಮೀದ್ ಆಗ ಗಲ್ಫಿನ ಒಂದು ಬಂದರಿನಲ್ಲಿದ್ದ. ಅವನಿಗೆ ಪತ್ರ ಹಾಕಿದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹಡಗಿನ ಅಡಿಗೆ ಇಳಿಯುವವರನ್ನೇ ವಿಚಾರಿಸಿ ಉತ್ತರ ಬರೆದ.

ಅವರು ಹಿಡಿಯುವ ದೊಡ್ಡ ಲೈಟ್ ನಮ್ಮ ಕೈಗೆಟುಕುವುದಲ್ಲ, ಮೊದಲನೆಯದು ಚಿಕ್ಕದೇ ಸಾಕು ಎಂದಿದ್ದ. ಊರಲ್ಲಿ ಸಿಗುವ ಸೆಲ್ ಹಾಕುವಂತಿರಬೇಕು, ಮುಚ್ಚಳದ ರಬ್ಬರ್ ರಿಂಗ್ ಗಟ್ಟಿಯಾಗಿರಬೇಕು, ಮಣಿಕಟ್ಟಿಗೆ ಕಟ್ಟಲು ಹಗ್ಗ ಬೇಕು... ಹೀಗೆ ಎರಡು ಪುಟ.

ಪತ್ರ ಹೋಗಿ ಬರಲಿಕ್ಕೆ ಒಂದು ತಿಂಗಳು. ನಾನೋ, ನಾಲ್ಕು ಸೆಲ್ಲಿನದು ಒಳ್ಳೆಯದೋ ಆರರದೋ, ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ ಎಂದು ಕೇಳುತ್ತಲೇ ಇದ್ದೆ. ಅವನಿಗೆ ರಜೆ ಸಿಕ್ಕಿ ಊರಿಗೆ ಬರುವಷ್ಟರಲ್ಲಿ ವರ್ಷ ಕಳೆದಿತ್ತು.

ಆ ವರ್ಷದಲ್ಲೇ ಅಮ್ಮ ಎರಡು ಸಲ ಹೇಳಿದ್ದರು. ಅಪ್ಪ ಬಾಗಿಲ ದಾರಂದಕ್ಕೆ ಭುಜ ಬಡಿದುಕೊಳ್ಳುತ್ತಾರೆ, ಪಕ್ಕದಲ್ಲೇ ಇಟ್ಟ ನೀರಿನ ಚೊಂಬನ್ನು ಒದ್ದು ಕೆಡವುತ್ತಾರೆ ಎಂದು. ಅವರದ್ದು ಯಾವಾಗಲೂ ಅವಸರ ಅಲ್ವಾ ಎಂದು ನಕ್ಕುಬಿಟ್ಟೆ.

ಕಾರ್ಕಳದಿಂದ ಬಂದ ಅಕ್ಕ ಒಮ್ಮೆ ಕಣ್ಣು ತೋರಿಸಿಕೊಂಡು ಬರಲು ಹೇಳಿದಳು. ಲೈಟ್ ಒಂದು ಬರಲಿ, ಎಲ್ಲ ಸರಿಯಾಗುತ್ತದೆ ಎಂದೆ. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹಮೀದ್ ಬಂದ, ಲೈಟ್ ಬಂತು. ಹಳದಿ ಬಣ್ಣದ್ದು, ನಾಲ್ಕು ಸೆಲ್ಲಿನದು. ಮರುದಿನ ಬೆಳಿಗ್ಗೆ ಸಮುದ್ರ ಶಾಂತವಾಗಿತ್ತು, ಎಷ್ಟೋ ವರ್ಷಗಳ ನಂತರ ನಾನೂ ಅಪ್ಪನ ಜೊತೆ ಮುಳುಗಿದೆ.

ಬಂಡೆಯ ಅಡಿಯ ಕತ್ತಲಿಗೆ ಬೆಳಕು ಬೀಳುತ್ತದೆ... ನೀರು ಕದಡಿಯೇ ಇಲ್ಲ! ಬೆಳಕು ಬಿದ್ದಲ್ಲೆಲ್ಲ ಪಚ್ಚಿಲೆ, ಗೊಂಚಲು ಗೊಂಚಲು.

ಅಪ್ಪನ ಕೈ ಮಾತ್ರ ಪಕ್ಕದ ಬೋಳು ಕಲ್ಲನ್ನು ತಡಕುತ್ತಾ ಇದೆ.

ಉಸಿರು ಮುಗಿಯುವ ಮೊದಲೇ ಮೇಲೆ ಬಂದುಬಿಟ್ಟೆ.

ಅಪ್ಪ ನಿಧಾನವಾಗಿ ಬಂದು ಬಂಡೆ ಹಿಡಿದು ನಿಂತರು. "ಸೆಲ್ ವೀಕ್ ಉಂಟು ಮಗಾ. ಹಮೀದನಿಗೆ ಹೇಳಬೇಡ, ಪಾಪ, ಬೇಜಾರು ಮಾಡಿಕೊಳ್ತಾನೆ" ಎಂದರು.

ಅವರ ಕೈಯಲ್ಲಿ ಲೈಟ್ ಚೆನ್ನಾಗಿ ಉರಿಯುತ್ತಿತ್ತು. ನಾನು ಹೌದಪ್ಪ ಎಂದೆ, ಬೇರೆ ಎಂತ ಹೇಳುವುದು?

ಮರುದಿನವೇ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ, ಎರಡೂ ಬದಿಯ ನೋಟ ಯಾವಾಗಲೋ ಹೋಗಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ನೋವಿಲ್ಲದೆ ಮೆಲ್ಲಗೆ ಹೋಗುವುದರಿಂದ ರೋಗಿಗೇ ಗೊತ್ತಾಗುವುದಿಲ್ಲವಂತೆ.

ನಾನು ಕೇಳಬಾರದಿತ್ತು, ಕೇಳಿದೆ. ಮೊದಲೇ ಬಂದಿದ್ದರೆ?

"ಒಂದು ವರ್ಷ ಮೊದಲು ಬಂದಿದ್ದರೆ ಇದ್ದಷ್ಟನ್ನು ಉಳಿಸಬಹುದಿತ್ತು."

ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಎಲ್ಲ ಕೇಳಿಸಿಕೊಂಡರು. ಬಸ್ಸಿನಲ್ಲಿ ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮತ್ತೆ ಅವರು ನೀರಿಗಿಳಿಯಲಿಲ್ಲ. ಎರಡು ವರ್ಷದಲ್ಲಿ ಉಳಿದ ಬೆಳಕೂ ಹೋಯಿತು. ಸಾಯುವವರೆಗೂ ಮನೆಗೆ ಬಂದವರ ಮುಂದೆಲ್ಲ, ನನಗಾಗಿ ನನ್ನ ಮಗ ಒಂದು ವರ್ಷ ಒದ್ದಾಡಿ ಗಲ್ಫಿನಿಂದ ಲೈಟ್ ತರಿಸಿದ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅದನ್ನು ಕೇಳುತ್ತಾ ಅವರ ಎದುರು ಹೇಗೆ ಕೂತಿರಬೇಕಿತ್ತು ನಾನು, ನೀವೇ ಹೇಳಿ?